ತಾಲೀಮಿಲ್ಲದ ಹನ್ನೊಂದನೆಯ ಟೇಕ್

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟ ಯುವಕನ ಒಪ್ಪಿಗೆ ಪಡೆದಿದ್ದೇನೆ. ಹೆಸರು, ವಯಸ್ಸು ಮತ್ತು ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಆತನನ್ನು ಇಲ್ಲಿ ವೀರೇಶ ಎಂದು ಕರೆಯುತ್ತೇನೆ.

ವೀರೇಶ ಬಳ್ಳಾರಿಯಲ್ಲಿ ಅಂತಿಮ ವರ್ಷದ ಪದವಿ ಓದುತ್ತಿದ್ದ. ಮೂರು ವಾರಗಳಿಂದ ನಿದ್ದೆಯಿಲ್ಲ, ಕಾಲೇಜಿನ ಕಡೆ ಮುಖ ಹಾಕಿಲ್ಲ, ಫೋನು ಹಗಲೆಲ್ಲ ಸ್ವಿಚ್ ಆಫ್ ಇರುತ್ತದೆ ಎಂದು ಹೇಳಿ ಅವನ ಅಕ್ಕ ಆಪ್ತಸಲಹೆಗೆಂದು ನನ್ನಲ್ಲಿಗೆ ಕರೆತಂದಳು. "ಸಿನಿಮಾ ಹುಚ್ಚು ಹಿಡದೈತ್ರಿ ಮೇಡಂ, ನೀವಾದ್ರೂ ಒಂದಿಷ್ಟು ಬುದ್ಧಿ ಹೇಳ್ರಿ" ಎಂಬುದು ಅವಳ ಕೋರಿಕೆಯಾಗಿತ್ತು. ಬುದ್ಧಿ ಹೇಳುವುದು ನನ್ನ ಕೆಲಸವಲ್ಲವೆಂದು ತಿಳಿಸಿ, ಅವಳನ್ನು ಹೊರಗೆ ಕೂರಿಸಿ, ಅವನೊಂದಿಗೆ ಮಾತಿಗೆ ಕುಳಿತೆ.

ನಾಲ್ವರು ಗೆಳೆಯರು ಕೈಯಿಂದ ಹಾಕಿ ಕೂಡಿಸಿದ 32 ಸಾವಿರ ರೂಪಾಯಿಯಲ್ಲಿ ಹದಿನೈದು ನಿಮಿಷದ ಒಂದು ಚಿತ್ರ ಮಾಡಲು ಇವರು ಹೊರಟಿದ್ದರು. ನಮ್ಮೂರಿನ ಓಣಿಗಳಲ್ಲಿ ಮನೆಮನೆಗೆ ಹಬ್ಬಿರುವ ಜೀನ್ಸ್ ಹೊಲಿಗೆಯ ಕೆಲಸವೇ ಕಥೆಯ ಹಿನ್ನೆಲೆ: ಹೊಲಿಯುವ ತಂದೆ, ಓದು ಬಿಡಲೊಪ್ಪದ ಮಗಳು. ಕ್ಯಾಮೆರಾ ಎರವಲು ತಂದದ್ದು, ಅಂಗಿಗೆ ಸಿಕ್ಕಿಸುವ ಮೈಕು ಒಂದೇ, ಹೊಲಿಗೆಯ ಶೆಡ್ಡು ಸಿಗುತ್ತಿದ್ದದ್ದು ಭಾನುವಾರ ಮಾತ್ರ. ತಂದೆಯ ಪಾತ್ರಕ್ಕೆ ನಾಟಕಗಳಲ್ಲಿ ಪಳಗಿದ ಹಿರಿಯರೊಬ್ಬರು ಒಪ್ಪಿದ್ದರು. ಮಗಳ ಪಾತ್ರಕ್ಕೆ, ಹಿಂದೆಂದೂ ನಟಿಸದ ಕಿರಿಯ ವಿದ್ಯಾರ್ಥಿನಿಯೊಬ್ಬಳು.

ತಾಲೀಮು ಒಂದು ದಿನವೂ ನಡೆದಿರಲಿಲ್ಲ. ಏಪ್ರಿಲ್ ಮಧ್ಯಾಹ್ನ, ತಗಡಿನ ಸೂರಿನ ಕೆಳಗೆ, ಸದ್ದಾಗಬಾರದೆಂದು ಫ್ಯಾನು ನಿಲ್ಲಿಸಿ, ಕಾಗದವನ್ನು ಕೈಗೆ ಕೊಟ್ಟು ಹತ್ತು ನಿಮಿಷದಲ್ಲಿ ಕ್ಯಾಮೆರಾ ಓಡಿಸಿದ್ದರು. ತಂದೆ ಮಗಳ ಕೆನ್ನೆಗೆ ಹೊಡೆಯುವ ದೃಶ್ಯದಲ್ಲಿ ಹುಡುಗಿಗೆ ಅಳು ಬರಲಿಲ್ಲ. ಹತ್ತು ಟೇಕ್ ಆದವು. ಹನ್ನೊಂದನೆಯದಕ್ಕೆ ಮೊದಲು ವೀರೇಶ ಹಿರಿಯರ ಕಿವಿಯಲ್ಲಿ, ನಿಜವಾಗಿಯೇ ಹೊಡೆಯಿರಿ ಎಂದ. ಅವರು ಹೊಡೆದರು. ಅಳು ಬಂತು, ಶಾಟ್ ಸಿಕ್ಕಿತು. ಹುಡುಗಿ ನೀರು ಕೇಳಿ ಕುಡಿದು, ಕಾಲರಿನಿಂದ ಮೈಕು ಬಿಚ್ಚಿಟ್ಟು ಹೊರಟುಹೋದಳು, ಮತ್ತೆ ಬರಲಿಲ್ಲ. ಹುಡುಗನೊಬ್ಬ ಕಿವಿಯಲ್ಲಿ ಉಸುರಿದನೆಂದು ಕೈಯೆತ್ತಿದ ಆ ಹಿರಿಯರ ಮೇಲೆ ನನಗೆ ಇಂದಿಗೂ ಸಿಟ್ಟಿದೆ, ಏಕೆಂದರೆ ರಂಗದ ಮೇಲೆ ಕೈ ಮುಖದ ಪಕ್ಕದಿಂದ ಹಾಯುತ್ತದೆ, ಸದ್ದು ಬೇರೆಡೆಯಿಂದ ಹುಟ್ಟುತ್ತದೆ ಎಂಬುದು ಅವರಿಗೆ ಗೊತ್ತಿರಲೇಬೇಕು. ಆದರೆ ನನ್ನೆದುರು ಕುಳಿತಿದ್ದವನು ವೀರೇಶ.

ಮೊದಲ ಭೇಟಿಯಲ್ಲಿ ನಿದ್ದೆ, ಊಟ, ಕುಡಿತ ಎಲ್ಲವನ್ನೂ ವಿಚಾರಿಸಿ, ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯಕ್ಕೆ ಆಧಾರವಿಲ್ಲ. ಬಂದಿಲ್ಲ ಎಂದ. ಬಂದರೆ ಯಾವ ಹೊತ್ತಿನಲ್ಲಾದರೂ 14416 ಸಂಖ್ಯೆಯ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಲು ಹೇಳಿ, ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು ನೋಡಬೇಕೆಂದೆ. ಹುಚ್ಚಾಸ್ಪತ್ರೆಗೆ ಕಳಿಸುತ್ತೀರಾ ಎಂದು ಗಾಬರಿಯಾದ. ದೇಶಕ್ಕೆಲ್ಲ 1996ರಲ್ಲಿ ಬಂದ ಆ ಕಾರ್ಯಕ್ರಮಕ್ಕೆ ಮಾದರಿ ಸಿಕ್ಕಿದ್ದೇ ಬಳ್ಳಾರಿ ಜಿಲ್ಲೆಯಲ್ಲಿ, 1985ರಿಂದ ನಿಮ್ಹಾನ್ಸ್ ಇಲ್ಲಿ ನಡೆಸಿದ ಪ್ರಯೋಗದಿಂದ, ಮತ್ತು ಅದರ ಉದ್ದೇಶವೇ ಜನರನ್ನು ದೂರದ ದೊಡ್ಡ ಆಸ್ಪತ್ರೆಗೆ ಅಲೆಸದೆ ಊರ ಹತ್ತಿರವೇ ನೋಡುವುದು ಎಂದು ವಿವರಿಸಿದ ಮೇಲೆ ತುಸು ಸಮಾಧಾನವಾಯಿತು. ನಿದ್ದೆಗೆಂದು ಹೇಳಿದ್ದು ಇಷ್ಟೇ: ಸುಮಾರು ಇಪ್ಪತ್ತು ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ ಹಾಸಿಗೆ ಬಿಟ್ಟೇಳುವುದು, ಎಷ್ಟೇ ತಡವಾಗಿ ಮಲಗಿದರೂ ಒಂದೇ ಹೊತ್ತಿಗೆ ಏಳುವುದು, ಹಗಲು ಮಲಗದಿರುವುದು.

ಎರಡನೆಯ ಭೇಟಿಯಲ್ಲಿ ಅವನು ತನ್ನನ್ನು ಬೈದುಕೊಳ್ಳುತ್ತಲೇ ಇದ್ದ. ಎಲ್ಲ ಹಾಳುಮಾಡಿದೆ, ಗೆಳೆಯರ ದುಡ್ಡು ಮುಳುಗಿಸಿದೆ, ನಾನು ನಿರ್ದೇಶಕನಾಗಲು ಲಾಯಕ್ಕಿಲ್ಲ. ಸುಮಾರು ನಲವತ್ತು ನಿಮಿಷ ಕೇಳಿದ ಮೇಲೆ, ಇಷ್ಟು ಹೊತ್ತಿನಲ್ಲಿ ಆ ಹುಡುಗಿಯ ಮಾತು ಒಂದೇ ಸಲ ಬಂತಲ್ಲ ಎಂದೆ. ಅಂದದ್ದು ಸ್ವಲ್ಪ ಒರಟಾಯಿತೆಂದು ಆಗಲೇ ಅನ್ನಿಸಿತು, ಆದರೂ ಹಿಂತೆಗೆದುಕೊಳ್ಳಲಿಲ್ಲ. ತಪ್ಪಿತಸ್ಥ ಭಾವನೆಯನ್ನು ತಗ್ಗಿಸುವುದೇ ನಮ್ಮ ಕೆಲಸವೆಂದು ಅನೇಕರು ತಿಳಿದಿದ್ದಾರೆ. ಇಲ್ಲಿ ಆ ಭಾವನೆ ಇರಬೇಕಾದಷ್ಟೇ ಇತ್ತು. ತಾನು ಸೋತೆ ಎಂಬ ಕಡೆಗೆ ಅದು ತಿರುಗಿಕೊಂಡಿದ್ದರಿಂದ, ಒಬ್ಬಳಿಗೆ ಏನು ಮಾಡಿದೆ ಎಂಬ ಪ್ರಶ್ನೆಯ ಹತ್ತಿರ ಅವನು ಸುಳಿಯಲೇ ಇಲ್ಲ.

ಬಹಳ ಹೊತ್ತು ಸುಮ್ಮನಿದ್ದು, "ನೀವಾ ಆಕಿಗೆ ಒಂದ್ ಫೋನ್ ಮಾಡಿ ಹೇಳ್ತೀರೇನ್ರಿ ಮೇಡಂ?" ಎಂದ. ಆಗುವುದಿಲ್ಲವೆಂದೆ. ಅವಳು ನನ್ನಲ್ಲಿಗೆ ಬಂದವಳಲ್ಲ, ಅವಳನ್ನು ಒಪ್ಪಿಸುವ ಮಧ್ಯಸ್ಥಿಕೆ ಆಪ್ತಸಲಹೆಯೂ ಅಲ್ಲ. ಅದಾಗಲೇ ಹದಿನೈದು ಸಂದೇಶ ಕಳಿಸಿದ್ದ. ಅವನ್ನು ಓದಿದರೆ ಕ್ಷಮೆ ಕೇಳಿದಂತಿರಲಿಲ್ಲ, ಉಳಿದ ಶೂಟಿಂಗಿಗೆ ಕರೆದಂತಿತ್ತು. ನಾನು ಕೊಟ್ಟ ಸಲಹೆ: ಒಂದೇ ಪತ್ರ ಬರೆ. ಏನು ಮಾಡಿದೆ ಎಂಬುದನ್ನು ಸುತ್ತುಬಳಸದೆ ಹೇಳು. ಮರಳಿ ಬಾ ಎನ್ನಬೇಡ, ಉತ್ತರ ಕೇಳಬೇಡ. ಆ ಶಾಟ್ ಇರಬೇಕೋ ಅಳಿಸಬೇಕೋ ಎಂಬುದನ್ನು ಅವಳಿಗೆ ಬಿಡು. ಅವಳು ಏನೂ ಹೇಳದಿದ್ದರೆ ಬಳಸಬೇಡ. ಅಲ್ಲಿಗೆ ಸಂದೇಶಗಳು ನಿಲ್ಲಲಿ. ಮೊದಲ ಕರಡಿನಲ್ಲಿ 'ಆದರೆ' ಎಂಬ ಪದ ಮೂರು ಕಡೆ ಇತ್ತು. ಮೂರನ್ನೂ ಅವನೇ ಹೊಡೆದುಹಾಕಿದ.

ತಾಲೀಮು ಏಕಿರಲಿಲ್ಲ ಎಂಬುದು ಮೂರನೆಯ ಭೇಟಿಯಲ್ಲಿ ಹೊರಬಂತು. ತಾಲೀಮು ಮಾಡಿಸಿದರೆ ಅಭಿನಯ ನಾಟಕದಂತಾಗುತ್ತದೆ, ಸಹಜತೆ ಕೆಡುತ್ತದೆ ಎಂಬ ಕಾರಣ ಮೊದಲು ಬಂತು. ಸಹಜ ಅಭಿನಯಕ್ಕೆ ಹೆಸರಾದ, ವಕೀಲಿ ಮಾಡುತ್ತಲೇ ರಂಗಭೂಮಿಯನ್ನು ಆಳಿದ ಬಳ್ಳಾರಿ ರಾಘವರ (1880–1946) ಊರಿನಲ್ಲಿ, ಅವರ ಹೆಸರಿನ ಕಲಾಮಂದಿರದ ಮುಂದೆ ದಿನವೂ ಓಡಾಡುವ ಹುಡುಗ ಹೀಗೆನ್ನುವುದು ನನಗೆ ತಮಾಷೆಯಾಗಿ ಕಂಡಿತು. ಸಿರುಗುಪ್ಪ ಕಡೆಯ ಅವನ ಅಜ್ಜ ಬಯಲಾಟದವರು. ಒಂದು ರಾತ್ರಿಯ ಆಟಕ್ಕೆ ಎರಡು ಮೂರು ತಿಂಗಳು ತಾಲೀಮು ನಡೆಯುತ್ತಿತ್ತೆಂದು ಅವನೇ ಹೇಳಿದ. ಮಾಸ್ತರರು ಹೊಡೆಯುತ್ತಿದ್ದರಂತೆ ಎಂದೂ ಸೇರಿಸಿದ. ಹಾಗಾಗಿ ಹಳೆಯದೆಲ್ಲ ಚಿನ್ನವೆಂದು ನಾನೂ ಹೇಳಲಾರೆ. ಕೊನೆಗೆ ಬಾಯಿಬಿಟ್ಟದ್ದು ಬೇರೆಯೇ: ತಾಲೀಮಿನಲ್ಲಿ ನಟರು ಪ್ರಶ್ನೆ ಕೇಳುತ್ತಾರೆ, ಉತ್ತರ ಗೊತ್ತಿಲ್ಲದಿದ್ದರೆ ಮರ್ಯಾದೆ ಹೋಗುತ್ತದೆ. ಕ್ಯಾಮೆರಾ ಓಡುತ್ತಿದ್ದರೆ ಯಾರೂ ಪ್ರಶ್ನೆ ಕೇಳುವುದಿಲ್ಲ.

"ನನಗೂ ಗೊತ್ತಿಲ್ಲ, ಮಾಡಿ ನೋಡೋಣ" ಎಂಬ ವಾಕ್ಯವನ್ನು ಅವನ ಬಾಯಿಂದ ನನ್ನೆದುರೇ ಐದಾರು ಸಲ ಹೇಳಿಸಿದೆ. ನಾನು ಸಿನಿಮಾದವಳಲ್ಲ. ಮುಂದಿನ ಯೋಜನೆ ಬಹುಪಾಲು ಅವನದೇ; ಎಲ್ಲಿ ಯಾರಿಗೆ ನೋವಾದೀತು ಎಂದಷ್ಟೇ ನಾನು ಕೇಳುತ್ತಾ ಹೋದೆ. ಮೂರು ಸಂಜೆ ತಾಲೀಮು: ಮೊದಲ ಸಂಜೆ ಕುಳಿತು ಓದುವುದು, ಎರಡನೆಯದು ಎಲ್ಲಿ ನಿಲ್ಲಬೇಕೆಂದು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ ನಡೆದಾಡುವುದು, ಮೂರನೆಯದು ಫೋನಿನಲ್ಲಿ ತೆಗೆದು ನೋಡುವುದು. ನಟರಿಗೆ ಭಾವನೆಯನ್ನು ಆಜ್ಞಾಪಿಸದೆ ಕ್ರಿಯೆಯನ್ನು ಕೊಡುವುದು; "ಇನ್ನೂ ದುಃಖಪಡು" ಎಂದರೆ ಯಾರಿಗೂ ಏನೂ ತೋಚದು, "ಅಪ್ಪನ ಕೈಯಲ್ಲಿರುವ ಪ್ಯಾಂಟನ್ನು ಕಸಿದುಕೊ" ಎಂದರೆ ಮೈಯೇ ಮುಂದಿನದನ್ನು ಹುಡುಕಿಕೊಳ್ಳುತ್ತದೆ. ಅಳುವ ದೃಶ್ಯದಲ್ಲಿ ಕ್ಲೋಸಪ್ಪನ್ನು ಮೊದಲೇ ತೆಗೆಯುವುದು, ಏಕೆಂದರೆ ದೂರದ ಶಾಟಿನಲ್ಲೇ ಕಣ್ಣೀರು ಖರ್ಚಾಗಿ ಹೋಗುತ್ತದೆ. ಏಟಿಗೆ ಕ್ಯಾಮೆರಾವನ್ನು ಹೊಡೆಯುವವನ ಬೆನ್ನ ಹಿಂದಿಟ್ಟರೆ ಕೈಗೂ ಕೆನ್ನೆಗೂ ಒಂದು ಗೇಣು ಅಂತರವಿದ್ದರೂ ಕಾಣದು, ಸದ್ದನ್ನು ಎಡಿಟಿಂಗಿನಲ್ಲಿ ಸೇರಿಸಬಹುದು. ನಾಲ್ಕು ಟೇಕ್ ಆದ ಮೇಲೆ ನಿಲ್ಲಿಸಿ, ನೀರು ಕೊಟ್ಟು, ಏನು ಅಡ್ಡಿಯಾಗುತ್ತಿದೆ ಎಂದು ಕೇಳುವುದು. ಶೂಟಿಂಗ್ ಬೆಳಿಗ್ಗೆ ಆರೂವರೆಯಿಂದ ಹತ್ತೂವರೆಯವರೆಗೆ ಮಾತ್ರ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನ ತಗಡಿನ ಶೆಡ್ಡಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಯಾರಿಂದಲೂ ಒಳ್ಳೆಯ ಕೆಲಸ ನಿರೀಕ್ಷಿಸಬಾರದು. ದುಡ್ಡಿನ ಲೆಕ್ಕ ಬರೆದು ನಾಲ್ವರಿಗೂ ತೋರಿಸುವ ಕೆಲಸ ಒಂದೇ ದಿನದಲ್ಲಿ ಮುಗಿಯಿತು. ಉಳಿದದ್ದು 11 ಸಾವಿರ.

ಆ ಹುಡುಗಿಯಿಂದ ಒಂದು ಸಾಲು ಬಂತು: ಅಳಿಸು. ಗೆಳೆಯರಿಬ್ಬರು ವಿರೋಧಿಸಿದರೂ ಅಳಿಸಿದ. ಅವಳು ಚಿತ್ರಕ್ಕೆ ಮರಳಲಿಲ್ಲ, ಅವನೂ ಕೇಳಲಿಲ್ಲ. ಮಗಳ ಪಾತ್ರವನ್ನು ಬೇರೊಬ್ಬಳು ಮಾಡಿದಳು, ಮೊದಲಿನಿಂದ ಎಲ್ಲವನ್ನೂ ಮತ್ತೆ ತೆಗೆಯಬೇಕಾಯಿತು. ತಂದೆಯ ಪಾತ್ರದ ಹಿರಿಯರು ತಾಲೀಮಿಗೆ ಬರಲು ಮೊದಲು ಬೇಸರಿಸಿ, ಎರಡನೆಯ ಸಂಜೆ ತಾವೇ ಕೈ ಹಾಯಿಸುವ ವರಸೆಯನ್ನು ಹೇಳಿಕೊಟ್ಟರಂತೆ. ಐದನೆಯ ಭೇಟಿಯ ಹೊತ್ತಿಗೆ ವೀರೇಶನಿಗೆ ಆರು ಗಂಟೆ ನಿದ್ದೆ ಬರುತ್ತಿತ್ತು; ಹಾಜರಿ ಕಡಿಮೆಯಾದ ಒಂದು ವಿಷಯದ ಪರೀಕ್ಷೆ ಮಾತ್ರ ಮುಂದಿನ ಸಲಕ್ಕೆ ಉಳಿದಿತ್ತು.