ಹಳೆಯ ಮ್ಯಾಸಿ ಫರ್ಗುಸನ್ 35ರ ಬ್ಲಾಕ್ ಬಿರುಕು ಬಿಟ್ಟಿದೆ: ವೆಲ್ಡಿಂಗ್ ಮಾಡಿಸಲೇ, ಬೇರೆ ಬ್ಲಾಕ್ ಹಾಕಿಸಲೇ?

ಕಾರಟಗಿಯಲ್ಲಿರುವ ತಮ್ಮ ಅಜ್ಜನವರ ಮೂರು ಸಿಲಿಂಡರಿನ ಮ್ಯಾಸಿ ಫರ್ಗುಸನ್ 35 ಟ್ರ್ಯಾಕ್ಟರಿನ ಬ್ಲಾಕಿನಲ್ಲಿ, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಎರಕದಲ್ಲಿ, ಗೇಣುದ್ದದ ಬಿರುಕು ಕಾಣಿಸಿಕೊಂಡು ನೀರು ಜಿನುಗುತ್ತಿದೆ ಎಂದು ಬರೆದಿದ್ದೀರಿ. ಗಂಗಾವತಿಯಲ್ಲಿ ಹಳೆಯ ಟ್ರ್ಯಾಕ್ಟರುಗಳ ಎಂಜಿನ್ ಕೆಲಸ ಮಾಡುವವನಾಗಿ ನನ್ನ ಅಭಿಪ್ರಾಯವಿಷ್ಟು: ಬಿರುಕು ನೀರು ಹರಿಯುವ ಜಾಕೆಟ್ಟಿನ ಹೊರಗೋಡೆಯಲ್ಲಷ್ಟೇ ಇದ್ದರೆ ಬ್ಲಾಕನ್ನು ಉಳಿಸಿಕೊಳ್ಳಿ, ಆದರೆ ಬೀದಿಬದಿಯ ಆರ್ಕ್ ವೆಲ್ಡಿಂಗಿಗೆ ಮಾತ್ರ ಕೊಡಬೇಡಿ.

ಮೊದಲು ಬಿರುಕು ಎಲ್ಲಿಂದ ಎಲ್ಲಿಯವರೆಗೆ ಹೋಗಿದೆಯೆಂದು ತಿಳಿಯಬೇಕು. ಬಣ್ಣವನ್ನೂ ಜಿಡ್ಡನ್ನೂ ಪೂರ್ತಿ ತೆಗೆದು, ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತಿನ ಬಳಿಕ ಒಣಬಟ್ಟೆಯಿಂದ ಒರೆಸಿ ಸೀಮೆಸುಣ್ಣದ ಪುಡಿ ಉದುರಿಸಿದರೆ, ಸೀಳಿನೊಳಗೆ ಉಳಿದ ಎಣ್ಣೆ ಪುಡಿಗೆ ಏರಿ ಬಿರುಕಿನ ನಿಜವಾದ ಉದ್ದ ಗೆರೆಯಾಗಿ ಮೂಡುತ್ತದೆ. ಎಂಜಿನ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅಥವಾ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಒಳಗೂ ತೊಂದರೆಯಿದೆ. ಆದರೆ ಅದು ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಹಾಳೆಯಾದ ಹೆಡ್ ಗ್ಯಾಸ್ಕೆಟ್ಟಿನದೂ ಆಗಿರಬಹುದಾದ್ದರಿಂದ ಹೆಡ್ ಬಿಚ್ಚಿ ನೋಡದೆ ಬ್ಲಾಕನ್ನು ದೂರಬಾರದು.

ಬ್ಲಾಕ್ ಬೀಡು ಕಬ್ಬಿಣದ್ದು, ಅದರಲ್ಲಿ ಇಂಗಾಲದ ಅಂಶ ಹೆಚ್ಚು. ಮಾಮೂಲಿ ರಾಡಿನಿಂದ ಬೆಸೆದಾಗ ಬೆಸುಗೆಯ ಅಂಚು ಬೇಗನೆ ತಣಿದು ಗಾಜಿನಷ್ಟು ಬಿರುಸಾಗಿ, ಹಳೆಯ ಸೀಳಿನ ಪಕ್ಕದಲ್ಲೇ ಹೊಸದೊಂದು ಸೀಳು ಹುಟ್ಟುತ್ತದೆ. ನಿಕ್ಕಲ್ ರಾಡ್ ಬಳಸಿ, ಇಡೀ ಬ್ಲಾಕನ್ನು ಮೊದಲೇ ಕಾಯಿಸಿ, ನಿಧಾನವಾಗಿ ಆರಲು ಬಿಡಬಲ್ಲ ಕೈಗಳಿವೆ, ಆದರೆ ಅಪರೂಪ. ನಾನು ಮೆಚ್ಚುವುದು ಬೆಂಕಿಯ ಗೊಡವೆಯೇ ಇಲ್ಲದ ಸ್ಟಿಚಿಂಗ್: ಬಿರುಕಿನ ಎರಡೂ ತುದಿಗೆ ಸಣ್ಣ ರಂಧ್ರ ಕೊರೆದು ಅದು ಮುಂದುವರಿಯದಂತೆ ತಡೆದು, ಸೀಳಿನ ಉದ್ದಕ್ಕೂ ಥ್ರೆಡ್ ಹಾಕಿದ ಪಿನ್‌ಗಳನ್ನು, ಪ್ರತಿಯೊಂದೂ ಹಿಂದಿನದರ ಅಂಚನ್ನು ಕಚ್ಚುವಂತೆ ಕೂರಿಸಿ, ಮೇಲ್ಮೈಯನ್ನು ಉಜ್ಜಿ ಸಮಮಾಡುವುದು. ಎಪಾಕ್ಸಿ ಅಂಟು ಜಿನುಗನ್ನು ಕೆಲಕಾಲ ನಿಲ್ಲಿಸೀತು, ಬಲ ಕೊಡದು. ಯಾವ ದುರಸ್ತಿಯಾದರೂ ಜೋಡಿಸುವ ಮೊದಲು ನೀರಿನ ದಾರಿಗಳನ್ನು ಮುಚ್ಚಿ ಒತ್ತಡ ಹಾಕಿ ಪರೀಕ್ಷಿಸಿರಿ.

ಬಿರುಕು ಪಿಸ್ಟನ್ ಓಡಾಡುವ ಸಿಲಿಂಡರಿನ ಬೋರಿಗೆ ಇಳಿದಿದ್ದರೆ, ಅಥವಾ ಕ್ರ್ಯಾಂಕಿನ ಮೇನ್ ಬೇರಿಂಗ್ ಕೂರುವ ಜಾಗ ಮುಟ್ಟಿದ್ದರೆ ನಾನು ಬೇರೆ ಬ್ಲಾಕನ್ನೇ ಸೂಚಿಸುತ್ತೇನೆ, ಏಕೆಂದರೆ ಈ ಗಾಡಿಗೆ ಪ್ರತ್ಯೇಕ ಚಾಸಿಯಿಲ್ಲ. ಮುಂದಿನ ಆಕ್ಸಲ್ಲನ್ನು ಗೇರ್‌ಬಾಕ್ಸಿಗೆ ಸೇರಿಸಿ ಹಿಡಿಯುವುದು ಎಂಜಿನ್ನೇ. ಅದನ್ನು ಬಿಡಿಸುವಾಗ ಮುಂದಿನ ಆಕ್ಸಲ್ಲಿನ ಎರಡೂ ಬದಿ ಮರದ ಬೆಣೆ ಬಡಿಯದಿದ್ದರೆ ಎಂಜಿನ್ ಪಕ್ಕಕ್ಕೆ ವಾಲಿ ಬೀಳುತ್ತದೆ.

ಹಿಮ ಬೀಳುವ ದೇಶಗಳಲ್ಲಿ ಬ್ಲಾಕ್ ಒಡೆಯುವುದು ನೀರು ಹೆಪ್ಪುಗಟ್ಟಿ ಶೇ. 9ರಷ್ಟು ಹಿಗ್ಗುವುದರಿಂದ. ನಮ್ಮಲ್ಲಿ ಬೋರ್‌ವೆಲ್ಲಿನ ಗಡಸು ನೀರು ಒಳಗೆ ಗಾರೆಗಟ್ಟಿ, ಕೇಜ್ ವೀಲ್ (ಕೆಸರುಗದ್ದೆಯ ಕಬ್ಬಿಣದ ಪಂಜರ ಚಕ್ರ) ಹಾಕಿ ಭತ್ತದ ಕೆಸರಿನಲ್ಲಿ ದುಡಿಯುವಾಗ ಎಂಜಿನ್ ಕಾದು, ಆ ಬಿಸಿಯಲ್ಲೇ ಕಾಲುವೆಯ ತಣ್ಣೀರು ಸುರಿಯುವುದರಿಂದ. ಆದ್ದರಿಂದ ರೇಡಿಯೇಟರನ್ನೂ ವಾಟರ್ ಪಂಪನ್ನೂ ಇದೇ ಹೊತ್ತಿಗೆ ಬಿಚ್ಚಿ ಶುಚಿಮಾಡಿಸಿ.

ಬ್ಲಾಕ್ ಬದಲಿಸುವುದೇ ಆದರೆ ಎಂಜಿನ್ ನಂಬರ್ ಬದಲಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಟಿಓ ಅನುಮತಿ ಪಡೆದು ಆರ್‌ಸಿಯಲ್ಲಿ ದಾಖಲಿಸಬೇಕಾಗುತ್ತದೆ; ಗುಜರಿಯವರಿಗೆ ಮುಂಗಡ ಕೊಡುವ ಮುನ್ನ ಆ ಬ್ಲಾಕಿನ ಮೂಲ ಗಾಡಿಯ ಕಾಗದಪತ್ರಗಳನ್ನೂ ರಶೀದಿಯನ್ನೂ ಕೇಳಿ ಪಡೆಯಿರಿ.