ತಾಳೆಗರಿ ಗ್ರಂಥಕ್ಕೆ ಎಣ್ಣೆ ಹಚ್ಚುವುದರ ಹಿಂದೆ ವಿಜ್ಞಾನ ಇದೆಯಾ?

ಖಂಡಿತ ಇದೆ. ತಾಳೆಗರಿ ಅಂದರೆ ಒಣಗಿದ ಎಲೆ ತಾನೇ, ವರ್ಷ ಕಳೆದಂತೆ ಬಳುಕುವ ಗುಣ ಹೋಗಿ ಮುಟ್ಟಿದರೆ ಚೂರಾಗುವಷ್ಟು ಗಡುಸಾಗುತ್ತದೆ. ನಿಂಬೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರಿದರೆ ಗರಿ ಸ್ವಲ್ಪ ಮೆತ್ತಗಾಗುತ್ತದೆ, ವಾಸನೆಗೆ ಹುಳುಗಳೂ ದೂರ ಇರುತ್ತವೆ. ಜಾಸ್ತಿಯಾದರೆ ಮಾತ್ರ ಧೂಳು ಅಂಟುತ್ತದೆ.

ನನಗೆ ತುಂಬಾ ಇಷ್ಟವಾಗುವುದು ನಮ್ಮ ಕಡೆಯ ಬರವಣಿಗೆಯ ರೀತಿ. ಲೋಹದ ಮೊನೆಯಿಂದ ಅಕ್ಷರ ಕೊರೆದು, ಆ ಗೀರಿಗೆ ದೀಪದ ಮಸಿ ತುಂಬುತ್ತಿದ್ದರು. ಮಸಿ ಅಂದರೆ ಇಂಗಾಲ, ಬೆಳಕಿಗೆ ಮಾಸುವುದಿಲ್ಲ. ಅದು ಉದುರಿಹೋದರೂ ಗೀರು ಉಳಿದಿರುತ್ತದೆ, ಮತ್ತೆ ಮಸಿ ಸವರಿ ಒರೆಸಿದರೆ ಅಕ್ಷರ ಎದ್ದು ಕಾಣುತ್ತದೆ. ಎಷ್ಟು ಚೆಂದದ ಉಪಾಯ ಅಲ್ವಾ! ಆದರೆ ಗರಿಯ ಮೇಲೆ ಶಾಯಿಯಿಂದ ಬರೆದದ್ದಾದರೆ ಕೈ ಹಾಕಲೇಬೇಡಿ, ಒರೆಸಿದರೆ ಅಕ್ಷರವೇ ಹೋಗಬಹುದು.

ದೊಡ್ಡ ಶತ್ರು ಅಂದರೆ ಗಾಳಿಯ ತೇವ ಏರಿಳಿಯುವುದು. ಗರಿ ಹಿಗ್ಗಿ, ಕುಗ್ಗಿ, ಕೊನೆಗೆ ಸೀಳುತ್ತದೆ. ಅದಕ್ಕೇ ಸಂಗ್ರಹಾಲಯಗಳು ತೇವಾಂಶವನ್ನು ಸುಮಾರು ಶೇ. 50ರ ಆಸುಪಾಸಿನಲ್ಲಿ ಒಂದೇ ಸಮ ಇಡಲು ಒದ್ದಾಡುತ್ತವೆ.

ಮನೆಯ ಅಟ್ಟದಲ್ಲಿ ತಾಳೆಗರಿ ಕಟ್ಟು ಇದ್ದರೆ ಸುಮ್ನೆ ಬಿಸಿಲಿಗೆ ಇಡಬೇಡಿ, ಮೊದಲು ತಿಳಿದವರಿಗೆ ತೋರಿಸಿ. 1905ರಲ್ಲಿ ಮೈಸೂರಿನಲ್ಲಿ ವಿದ್ವಾಂಸ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ‘ಅರ್ಥಶಾಸ್ತ್ರ’ ಗ್ರಂಥವನ್ನು ಗುರುತಿಸಿದ್ದೂ ಇಂಥದೇ ತಾಳೆಗರಿ ಕಟ್ಟಿನಲ್ಲಿ.