ಮೀನು ಸತ್ತ ಮೇಲೆ ಟ್ಯಾಂಕ್ ಎಷ್ಟು ದಿನ ಖಾಲಿ ಬಿಡಬೇಕು?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಉಪ್ಪುನೀರಿನ ಟ್ಯಾಂಕಿನಲ್ಲಿ ಮೀನು ಸತ್ತಿವೆ, ಮುಂದೇನು? ಇದಕ್ಕೆ ಹಿಂದೆಯೂ ಉತ್ತರ ಕೊಟ್ಟಿದ್ದೇನೆ. ಆದರೂ ಜನ ಮೂರೇ ವಾರಕ್ಕೆ ಹೊಸ ಮೀನು ತಂದು ಬಿಡುತ್ತಾರೆ. ಅವೂ ಸಾಯುತ್ತವೆ. ಆಮೇಲೆ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಇದನ್ನು ಓದಿ ಓದಿ ನನಗೆ ಬೇಜಾರಾಗಿದೆ. ಹಾಗಾಗಿ ಇವತ್ತು ಒಂದೇ ಪ್ರಶ್ನೆಗೆ ಹೆಚ್ಚಿನ ಜಾಗ. ಉಪ್ಪು ಕಲಸುವುದು ಹೇಗೆ, ಟ್ಯಾಂಕ್ ಸೈಕಲ್ ಮಾಡುವುದು ಅಂದರೇನು ಎಂದೆಲ್ಲ ಇಲ್ಲಿ ಹೇಳುವುದಿಲ್ಲ. ಅಷ್ಟು ಕಲಿಯದೆ ಸಮುದ್ರದ ಮೀನನ್ನು ಮನೆಗೆ ತರಬಾರದು.

ಪ್ರಶ್ನೆ: ಸರ್, ನಮ್ಮದು ಬೆಂಗಳೂರಿನಲ್ಲಿ ನಾಲ್ಕು ಅಡಿ ಟ್ಯಾಂಕ್. ಹೊಸದಾಗಿ ಒಂದು ನೀಲಿ ಟ್ಯಾಂಗ್ ಮೀನು ತಂದು ಬಿಟ್ಟೆವು. ಐದನೇ ದಿನ ಅದರ ಮೈಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಅಂಗಡಿಯವರು ಒಂದು ಔಷಧಿ ಕೊಟ್ಟರು. ಎರಡು ದಿನದಲ್ಲಿ ಚುಕ್ಕೆ ಹೋಯಿತು. ಒಂದು ವಾರ ಬಿಟ್ಟು ಎಲ್ಲ ಮೀನಿಗೂ ಬಂತು, ಆರು ಮೀನು ಸತ್ತವು. ಒಂದು ಕ್ಲೌನ್ ಮೀನು ಮಾತ್ರ ಉಳಿದಿದೆ, ಚೆನ್ನಾಗಿ ತಿನ್ನುತ್ತಿದೆ. ಅಂಗಡಿಯವರು ಮೂರು ವಾರ ಸುಮ್ನೆ ಬಿಡಿ ಅಂತಾರೆ. ಬೇರೆಯವರು 76 ದಿನ ಅಂತಾರೆ. ಯಾವುದು ಸರಿ? ಕ್ಲೌನ್ ಅಲ್ಲೇ ಇರಬಹುದು ಅಲ್ವಾ?

ಇರಬಾರದು. ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಜನ ಸೋಲುವುದು ಅಲ್ಲೇ. ಖಾಲಿ ಅಂದರೆ ಒಂದೂ ಮೀನು ಇರಬಾರದು. ಕ್ಲೌನ್ ಚೆನ್ನಾಗಿ ತಿನ್ನುತ್ತಿದೆ ಅಂದರೆ ರೋಗ ಇಲ್ಲ ಅಂತ ಅರ್ಥವಲ್ಲ. ಒಮ್ಮೆ ರೋಗ ಬಂದು ಬದುಕಿದ ಮೀನಿಗೆ ಸ್ವಲ್ಪ ತಡೆಯುವ ಶಕ್ತಿ ಬರುತ್ತದೆ. ಆಗ ಮೈಮೇಲೆ ಚುಕ್ಕೆ ಕಾಣದೆ ಇರಬಹುದು, ಆದರೆ ಕಿವಿರಿನಲ್ಲಿ ಒಂದೆರಡು ಪರಾವಲಂಬಿ ಉಳಿದಿರುತ್ತವೆ. ಆ ಒಂದು ಮೀನು ಇರುವವರೆಗೆ ರೋಗಕ್ಕೆ ಊಟ ಸಿಗುತ್ತಲೇ ಇರುತ್ತದೆ. ನೀವು ಆರು ತಿಂಗಳು ಕಾದರೂ ಆ ಟ್ಯಾಂಕ್ ಖಾಲಿ ಇದ್ದ ಲೆಕ್ಕಕ್ಕೆ ಬರುವುದಿಲ್ಲ.

ನೀವು ಹೇಳುವುದನ್ನು ನೋಡಿದರೆ ಇದು ಸಮುದ್ರದ ಇಕ್, ಅಂದರೆ ಬಿಳಿ ಚುಕ್ಕೆ ರೋಗ. ಇದನ್ನು ತರುವ ಪರಾವಲಂಬಿಯ ಹೆಸರು ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್. ಇದರ ಬದುಕು ನಾಲ್ಕು ಹಂತದ್ದು. ಮೀನಿನ ಚರ್ಮದ ಒಳಗೆ ಸೇರಿಕೊಂಡು ಮೂರರಿಂದ ಏಳು ದಿನ ತಿನ್ನುತ್ತದೆ. ನಿಮಗೆ ಕಾಣುವ ಬಿಳಿ ಚುಕ್ಕೆ ಇದೇ. ಆಮೇಲೆ ತಾನಾಗಿಯೇ ಮೀನನ್ನು ಬಿಟ್ಟು ಕೆಳಗೆ ಇಳಿಯುತ್ತದೆ, ಹೆಚ್ಚಾಗಿ ಕತ್ತಲಿರುವಾಗ. ಕೆಲವು ಗಂಟೆ ತೆವಳಿ ಕಲ್ಲಿಗೋ ಮರಳಿಗೋ ಗಾಜಿಗೋ ಅಂಟಿಕೊಂಡು ಸುತ್ತ ಗಟ್ಟಿ ಗೂಡು ಕಟ್ಟುತ್ತದೆ. ಆ ಗೂಡಿನೊಳಗೆ ಒಡೆದು ಒಡೆದು ನೂರಾರು ಮರಿಗಳಾಗುತ್ತವೆ. ಗೂಡು ಬಿರಿದರೆ ಮರಿಗಳು ಈಜಿಕೊಂಡು ಮೀನು ಹುಡುಕುತ್ತವೆ. ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ.

ಈಗ ನಿಮ್ಮ ಅಂಗಡಿಯವರ ಔಷಧಿಯನ್ನು ನೋಡಿ. ಎರಡು ದಿನದಲ್ಲಿ ಚುಕ್ಕೆ ಹೋಯಿತು ಅಂತೀರಿ. ಔಷಧಿ ಹಾಕದಿದ್ದರೂ ಹೋಗುತ್ತಿತ್ತು. ಹೊಟ್ಟೆ ತುಂಬಿದ ಪರಾವಲಂಬಿ ಗೂಡು ಕಟ್ಟಲು ಇಳಿದು ಹೋಗಿತ್ತು, ಅಷ್ಟೇ. ಒಂದು ವಾರದ ನಂತರ ಅದರ ಮರಿಗಳು ಬಂದವು. ಹವಳಕ್ಕೂ ಸೀಗಡಿಗೂ ಏನೂ ಆಗುವುದಿಲ್ಲ, ಇಕ್ ಮಾತ್ರ ಸಾಯುತ್ತದೆ ಎಂದು ಹೇಳಿ ಮಾರುವ ಬಾಟಲಿಗಳ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಚರ್ಮದ ಕೆಳಗಿರುವ ಪರಾವಲಂಬಿಯನ್ನು ಅವು ಮುಟ್ಟುವುದಿಲ್ಲ, ಗೂಡನ್ನೂ ಮುಟ್ಟುವುದಿಲ್ಲ. ಮೀನು ಉಳಿಸಲು ಇದ್ದ ಒಂದು ವಾರವನ್ನು ಆ ಬಾಟಲಿ ನಿಮ್ಮಿಂದ ಕಿತ್ತುಕೊಂಡಿತು.

ಇನ್ನು ದಿನಗಳ ಲೆಕ್ಕ. ಗೂಡುಗಳೆಲ್ಲ ಒಂದೇ ದಿನ ಬಿರಿಯುವುದಿಲ್ಲ. ಕೆಲವು ಮೂರೇ ದಿನಕ್ಕೆ ಬಿರಿಯುತ್ತವೆ, ಹೆಚ್ಚಿನವು ನಾಲ್ಕು ವಾರದೊಳಗೆ. ಆದರೆ ಪ್ರಯೋಗಾಲಯದಲ್ಲಿ 72ನೇ ದಿನ ಮರಿ ಹೊರಬಂದದ್ದೂ ದಾಖಲಾಗಿದೆ. ಅದಕ್ಕೆ ನಾಲ್ಕು ದಿನ ಸೇರಿಸಿದರೆ 76. ಈ ಸಂಖ್ಯೆ ಬಂದದ್ದು ಹೀಗೆ. 27 ಡಿಗ್ರಿ ಶಾಖ ಕಾಯ್ದುಕೊಂಡರೆ 45 ದಿನ ಸಾಕು ಎನ್ನುವ ಅನುಭವಿಗಳೂ ಇದ್ದಾರೆ. ಹೆಚ್ಚಿನ ಟ್ಯಾಂಕುಗಳಲ್ಲಿ ಅಷ್ಟು ಸಾಕಾಗಬಹುದು. ಆದರೂ ನಾನು 76 ಅಂತಲೇ ಹೇಳುತ್ತೇನೆ. ಆರು ಮೀನು ಕಳೆದುಕೊಂಡವರು ಇನ್ನೊಂದು ತಿಂಗಳು ಉಳಿಸಲು ಹೋಗಿ ಮತ್ತೆ ಆರು ಕಳೆದುಕೊಳ್ಳುವುದನ್ನು ನೋಡುವ ಮನಸ್ಸು ನನಗಿಲ್ಲ. ಮೂರು ವಾರ ಅಂತೂ ಸುಳ್ಳು ಲೆಕ್ಕ.

ಹೀಟರ್ ತೆಗೆಯಬೇಡಿ. ಮೀನೇ ಇಲ್ಲವಲ್ಲ, ಕರೆಂಟ್ ಯಾಕೆ ದಂಡ ಅಂತ ಕೆಲವರು ಆರಿಸಿಬಿಡುತ್ತಾರೆ. ತಣ್ಣಗಿನ ನೀರಿನಲ್ಲಿ ಗೂಡು ಬಿರಿಯುವುದು ನಿಧಾನವಾಗುತ್ತದೆ. ಡಿಸೆಂಬರಿನಲ್ಲಿ ಬೆಂಗಳೂರಿನ ರಾತ್ರಿಗಳು ಹೇಗಿರುತ್ತವೆ ನಿಮಗೇ ಗೊತ್ತು. ಹಗಲು ರಾತ್ರಿ 27 ಡಿಗ್ರಿ ಇರಲಿ. ಪಂಪು, ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ಓಡುತ್ತಿರಲಿ. ಸೀಗಡಿ, ಏಡಿ, ಬಸವನಹುಳು ಟ್ಯಾಂಕಿನಲ್ಲೇ ಇರಬಹುದು, ಇಕ್ ಅವುಗಳನ್ನು ತಿಂದು ಬದುಕುವುದಿಲ್ಲ. ಅವಕ್ಕೆ ಮಾತ್ರ ಊಟ ಹಾಕುತ್ತಿರಿ. ದಿನ ಬಿಟ್ಟು ದಿನ ಒಂದು ಚಿಟಿಕೆ ಆಹಾರ ಬಿದ್ದರೆ ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾವೂ ಬದುಕಿರುತ್ತದೆ.

ಈ ನಡುವೆ ಹೊಸದಾಗಿ ಏನೂ ಹಾಕಬೇಡಿ. ಅಂಗಡಿಯ ಬಸವನಹುಳುವಿನ ಚಿಪ್ಪಿನ ಮೇಲೆ ಗೂಡು ಅಂಟಿರಬಹುದು. ಹಾಕಿದಿರೋ, ಎಣಿಕೆ ಮತ್ತೆ ಒಂದರಿಂದ. ಒದ್ದೆ ಬಲೆ, ಒದ್ದೆ ಕೈ, ಒಂದೇ ಮಗ್ಗು ಇವೂ ಅಷ್ಟೇ. ಹೊರಗೆ ತೆಗೆದ ರೋಗದ ಮೀನನ್ನು ಇಡುವ ಟಬ್ಬಿಗೆ ಬೇರೆಯದೇ ಸಾಮಾನು ಇಡಿ. ಟಬ್ಬು ಟ್ಯಾಂಕಿನಿಂದ ಹತ್ತಡಿಯಾದರೂ ದೂರ ಇರಲಿ. ಗುಳ್ಳೆ ಒಡೆದಾಗ ಹಾರುವ ಹನಿಯಲ್ಲೂ ರೋಗ ದಾಟಬಹುದು.

ಒಂದು ವಿಷಯ ನನ್ನದೇ ಅನುಭವದಿಂದ ಹೇಳುತ್ತೇನೆ. ಬಹಳ ವರ್ಷದ ಹಿಂದೆ ನನ್ನ ಟ್ಯಾಂಕನ್ನೂ ಹೀಗೆ ಖಾಲಿ ಬಿಟ್ಟಿದ್ದೆ. 41ನೇ ದಿನ ರಾತ್ರಿ ಟಾರ್ಚ್ ಹಾಕಿ ನೋಡಿದರೆ ಕಲ್ಲಿನ ಸಂದಿಯಲ್ಲಿ ಬೆರಳುದ್ದದ ಗೋಬಿ ಮೀನು ಒಂದು ಕೂತಿದೆ! ಸತ್ತಿದೆ ಅಂದುಕೊಂಡು ನಾನು ಅದನ್ನು ಲೆಕ್ಕದಿಂದ ಬಿಟ್ಟಿದ್ದೆ. ಅದನ್ನು ಹಿಡಿಯಲು ಕಲ್ಲನ್ನೆಲ್ಲ ಎತ್ತಬೇಕಾಯಿತು. ಮರುದಿನದಿಂದ ಮತ್ತೆ ಒಂದು, ಎರಡು ಅಂತ ಎಣಿಸಿದೆ. ಹಾಗಾಗಿ ಹೇಳುತ್ತೇನೆ, ಹೆಣ ಸಿಗದ ಮೀನು ಬದುಕಿದೆ ಅಂತಲೇ ತಿಳಿಯಿರಿ. ಮೊದಲ ವಾರ ದಿನಾ ರಾತ್ರಿ ಟಾರ್ಚ್ ಹಿಡಿದು ನೋಡಿ. ಎಣಿಕೆ ಶುರುವಾಗುವುದು ಕೊನೆಯ ಮೀನು ಹೊರಗೆ ಬಂದ ದಿನದಿಂದ, ಕೊನೆಯ ಮೀನು ಸತ್ತ ದಿನದಿಂದ ಅಲ್ಲ. ಜೂನ್ 1ರಂದು ಹೊರಗೆ ತೆಗೆದರೆ ಆಗಸ್ಟ್ 16. ಕ್ಯಾಲೆಂಡರಿನಲ್ಲಿ ಗುರುತು ಹಾಕಿಬಿಡಿ.

ಈಗ ಕ್ಲೌನ್. ಅದಕ್ಕೆ ಚಿಕಿತ್ಸೆ ಆಗಲೇಬೇಕು. ಸುಮ್ನೆ ಟಬ್ಬಿನಲ್ಲಿ 76 ದಿನ ಇಟ್ಟು ವಾಪಸ್ ಬಿಟ್ಟರೆ ರೋಗವನ್ನು ಕೈಯಾರೆ ವಾಪಸ್ ತಂದ ಹಾಗೆ. ಎರಡು ದಾರಿ ಇವೆ.

ಮೊದಲನೆಯದು ಕಾಪರ್, ಅಂದರೆ ತಾಮ್ರದ ಔಷಧಿ. ಗಾಜಿನ ಚಿಕ್ಕ ಟ್ಯಾಂಕ್ ಅಥವಾ ಪ್ಲಾಸ್ಟಿಕ್ ಟಬ್ಬು, ಸ್ಪಂಜ್ ಫಿಲ್ಟರ್, ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡು. ಕಲ್ಲು, ಮರಳು ಬೇಡ, ಅವು ಕಾಪರ್ ಹೀರಿಕೊಳ್ಳುತ್ತವೆ. ಮಟ್ಟವನ್ನು ಎರಡು ಮೂರು ದಿನದಲ್ಲಿ ನಿಧಾನವಾಗಿ ಏರಿಸಿ. ಎಷ್ಟು ಮಟ್ಟ ಅನ್ನುವುದು ಬಾಟಲಿಯಿಂದ ಬಾಟಲಿಗೆ ಬದಲಾಗುತ್ತದೆ. ಕ್ಯುಪ್ರಮೈನ್‌ಗೆ ಲೀಟರಿಗೆ 0.5 ಮಿಲಿಗ್ರಾಂ, ಕಾಪರ್ ಪವರ್‌ಗೆ ಸುಮಾರು 2.5. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಿದರೆ ಮೀನು ಉಳಿಯುವುದಿಲ್ಲ. ಆ ಮಟ್ಟ 30 ದಿನ ಇಳಿಯದೆ ನಿಲ್ಲಬೇಕು. ಟೆಸ್ಟ್ ಕಿಟ್ ಇಲ್ಲದೆ ಕಾಪರ್ ಮುಟ್ಟಬೇಡಿ. ಅಮೋನಿಯಾ ಏರಿದರೆ ನೀರು ಬದಲಾಯಿಸಿ. ಅಮೋನಿಯಾ ತಗ್ಗಿಸುವ ದ್ರಾವಣವನ್ನು ಕಾಪರ್ ಜೊತೆ ಸೇರಿಸಿದರೆ ಕಾಪರ್ ಮೀನಿಗೇ ವಿಷವಾಗಬಹುದು.

ಎರಡನೆಯದು ಟಬ್ಬು ಬದಲಾಯಿಸುವುದು. ಔಷಧಿಯೇ ಬೇಡ. ಮೂರು ದಿನ ತುಂಬುವ ಮೊದಲೇ ಮೀನನ್ನು ಒಣಗಿಸಿದ ಇನ್ನೊಂದು ಟಬ್ಬಿಗೆ, ಹೊಸ ಉಪ್ಪುನೀರಿಗೆ ಹಾಕಿ. ಹೀಗೆ ನಾಲ್ಕು ಸಲ. ಮೀನಿನಿಂದ ಇಳಿದ ಪರಾವಲಂಬಿ ಹಿಂದಿನ ಟಬ್ಬಿನಲ್ಲೇ ಉಳಿಯುತ್ತದೆ, ಗೂಡು ಬಿರಿಯುವ ಹೊತ್ತಿಗೆ ಮೀನು ಅಲ್ಲಿ ಇರುವುದಿಲ್ಲ. ಹಳೆಯ ಟಬ್ಬು, ಫಿಲ್ಟರ್, ಪೈಪು ಎಲ್ಲವನ್ನೂ ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಒಂದೇ ಚಿಕ್ಕ ಕ್ಲೌನ್ ಇರುವ ನಿಮಗೆ ನಾನು ಹೇಳುವುದು ಇದನ್ನೇ. ಆದರೆ ಇದು ಇಕ್‌ಗೆ ಮಾತ್ರ. ಮೈಮೇಲೆ ಚಿನ್ನದ ಬಣ್ಣದ ಸಣ್ಣ ಪುಡಿ ಕಂಡರೆ, ಮೀನು ಏದುಸಿರು ಬಿಡುತ್ತಾ ಎರಡು ಮೂರು ದಿನದಲ್ಲೇ ಸತ್ತರೆ ಅದು ವೆಲ್ವೆಟ್ ಎಂಬ ಬೇರೆ ರೋಗ. ಅದಕ್ಕೆ ಕಾಪರ್ ಬೇಕು, ಆ ದಿನವೇ ಬೇಕು.

ಪ್ರಶ್ನೆ: ಪುತ್ತೂರಿನಿಂದ. ಅಡಿಕೆಗೆ ಬೋರ್ಡೋ ಹೊಡೆಯಲು ತಂದ ಮೈಲುತುತ್ತ ಮನೆಯಲ್ಲಿದೆ. ಅದೂ ಕಾಪರೇ ಅಲ್ವಾ, ಅದನ್ನೇ ಹಾಕಬಹುದಾ?

ದಯವಿಟ್ಟು ಬೇಡ. ಪರಾವಲಂಬಿ ಸಾಯುವ ಮಟ್ಟಕ್ಕೂ ಮೀನು ಸಾಯುವ ಮಟ್ಟಕ್ಕೂ ನಡುವೆ ಕೂದಲೆಳೆಯಷ್ಟೇ ಅಂತರ. ತೋಟದ ಮೈಲುತುತ್ತದಲ್ಲಿ ಬೇರೆ ಏನೇನು ಕಲಸಿದೆ ಯಾರಿಗೂ ಗೊತ್ತಿಲ್ಲ. ಉಪ್ಪುನೀರಿನಲ್ಲಿ ಅದರ ಮಟ್ಟ ನಿಲ್ಲುವುದೂ ಇಲ್ಲ, ಬೆಳಿಗ್ಗೆ ಇದ್ದದ್ದು ಸಂಜೆಗೆ ತಳದಲ್ಲಿ ಕೂತಿರುತ್ತದೆ.

ಪ್ರಶ್ನೆ: ಆಹಾರಕ್ಕೆ ಬೆಳ್ಳುಳ್ಳಿ ರಸ ಸೇರಿಸಿದರೆ ಇಕ್ ಹೋಗುತ್ತಾ?

ಇಲ್ಲ.

ಪ್ರಶ್ನೆ: ನೀರಿನ ಶಾಖ 32 ಡಿಗ್ರಿಗೆ ಏರಿಸಿದರೆ?

ಅದು ಸಿಹಿನೀರಿನ ಇಕ್‌ಗೆ ಹೇಳುವ ಮಾತು. ಹೆಸರು ಒಂದೇ, ಜೀವಿ ಬೇರೆ. ಸಮುದ್ರದ ಮೀನಿಗೆ ಆ ಬಿಸಿಯಲ್ಲಿ ಆಮ್ಲಜನಕ ಸಾಲದೆ ಹೋಗಬಹುದು.

ಪ್ರಶ್ನೆ: ಕ್ಲೀನರ್ ಸೀಗಡಿ, ಯುವಿ ದೀಪ ಎರಡೂ ಇವೆ. ಆದರೂ ಖಾಲಿ ಬಿಡಬೇಕಾ?

ಬಿಡಬೇಕು. ಸೀಗಡಿ ಚರ್ಮದ ಒಳಗಿನದನ್ನು ಕಿತ್ತು ತಿನ್ನಲಾರದು. ದೀಪದ ಮುಂದೆ ಹಾದುಹೋಗುವ ಮರಿ ಮಾತ್ರ ಸಾಯುತ್ತದೆ, ಕಲ್ಲಿನ ಮೇಲಿನ ಗೂಡು ಅಲ್ಲೇ ಇರುತ್ತದೆ.

ಪ್ರಶ್ನೆ: ಇಕ್ ಎಲ್ಲ ಟ್ಯಾಂಕಿನಲ್ಲೂ ಇದ್ದೇ ಇರುತ್ತದಂತೆ. ಹಾಗಾದರೆ ಇಷ್ಟೆಲ್ಲ ಯಾಕೆ?

ಇದು ಕ್ವಾರಂಟೈನ್ ಮಾಡದೆ ಮೀನು ಮಾರುವವರಿಗೆ ಅನುಕೂಲವಾದ ಸುಳ್ಳು. ಇಕ್ ಗಾಳಿಯಲ್ಲಿ ಹುಟ್ಟುವುದಿಲ್ಲ. ನೀವು ತಂದರೆ ಬರುತ್ತದೆ, ತರದಿದ್ದರೆ ಇಲ್ಲ. ನನ್ನ ಟ್ಯಾಂಕಿನಲ್ಲಿ ಇಲ್ಲ.

ಪ್ರಶ್ನೆ: ನಮ್ಮ ಕ್ರೋಮಿಸ್ ಮೀನುಗಳ ಪಕ್ಕೆಯಲ್ಲಿ ಕೆಂಪು ಹುಣ್ಣು, ಎರಡೇ ದಿನದಲ್ಲಿ ಸಾಯುತ್ತಿವೆ. 76 ದಿನ ಬಿಟ್ಟರೆ ಸರಿಹೋಗುತ್ತಾ?

ಅದು ಯೂರೋನೀಮಾ ಎಂಬ ಇನ್ನೊಂದು ಪರಾವಲಂಬಿ ಇರಬೇಕು. ಅದಕ್ಕೆ ಬದುಕಲು ಮೀನೇ ಬೇಕಂತಿಲ್ಲ, ಟ್ಯಾಂಕಿನ ಬ್ಯಾಕ್ಟೀರಿಯಾ ತಿಂದುಕೊಂಡೂ ಇರುತ್ತದೆ. ಖಾಲಿ ಬಿಟ್ಟು ಪ್ರಯೋಜನವಿಲ್ಲ. ಕ್ರೋಮಿಸ್ ಮತ್ತೆ ತರಬೇಡಿ, ಅವಕ್ಕೆ ಇದು ಜಾಸ್ತಿ.

ಪ್ರಶ್ನೆ: ಖಾಲಿ ಬಿಟ್ಟ ಸಮಯದಲ್ಲಿ ಒಬ್ಬರು ಸಮುದ್ರದ ಹವಳ, ಲೈವ್ ರಾಕ್ (ಜೀವಿಗಳು ಅಂಟಿಕೊಂಡಿರುವ ಕಡಲಿನ ಕಲ್ಲು) ಕಡಿಮೆ ಬೆಲೆಗೆ ಕೊಡುತ್ತೇನೆ ಅಂತಿದ್ದಾರೆ. ತಗೊಳ್ಳಲಾ?

ತಗೋಬೇಡಿ. ನಮ್ಮ ಕಡಲಿನ ಹವಳಕ್ಕೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕಿತ್ತು ಮಾರುವುದೂ ಅಪರಾಧ, ಕೊಳ್ಳುವುದೂ ಅಪರಾಧ.

ಪ್ರಶ್ನೆ: 76 ದಿನ ಮುಗಿಯಿತು. ಈಗ ಒಟ್ಟಿಗೆ ನಾಲ್ಕು ಮೀನು ತರಬಹುದಾ?

ತನ್ನಿ, ಆದರೆ ಟ್ಯಾಂಕಿಗೆ ಬಿಡಬೇಡಿ. ಮೇಲೆ ಹೇಳಿದ ಟಬ್ಬನ್ನು ತೆಗೆದಿಡಬೇಡಿ, ಅದು ಬೇಕಾಗುವುದು ಇದಕ್ಕೇ. ಹೊಸದಾಗಿ ಬಂದ ಪ್ರತಿ ಮೀನೂ ಮೊದಲು ಅಲ್ಲಿ ಒಂದು ತಿಂಗಳು ಇದ್ದು, ಚಿಕಿತ್ಸೆ ಮುಗಿಸಿ ಆಮೇಲೆ ಟ್ಯಾಂಕಿಗೆ. ಸಾಧ್ಯವಾದರೆ ಸಮುದ್ರದಲ್ಲಿ ಹಿಡಿದ ಮೀನಿನ ಬದಲು ಹ್ಯಾಚರಿಯಲ್ಲಿ ಬೆಳೆಸಿದ ಕ್ಲೌನ್ ಕೇಳಿ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲೇ ಬೆಳೆಸಿದ್ದಾರೆ. ಆ ಮರಿಗಳು ಟ್ಯಾಂಕಿನಲ್ಲೇ ಹುಟ್ಟಿದವು, ಒಣ ಆಹಾರ ತಿನ್ನಲು ಕಲಿತವು. ಆದರೆ ಅಂಗಡಿಯಲ್ಲಿ ಬೇರೆ ಮೀನಿನ ನೀರಿನಲ್ಲೇ ಇದ್ದು ಬಂದಿರುತ್ತವೆ. ಹಾಗಾಗಿ ಅವಕ್ಕೂ ಒಂದು ತಿಂಗಳು ಟಬ್ಬು.